ಗರ್ಭಗುಡಿಯಿಂದ ಎದ್ದು ಹೊರಟ ಮೂರ್ತಿ

ಧರ್ಮವನ್ನು ಟೀಕೆ ಮಾಡಿದವರು ಬಹಳ ಜನ ಇದ್ದಾರೆ. ಹೆಚ್ಚಿನವರು ಹೊರಗೆ ನಿಂತು ಟೀಕಿಸಿದವರು. ಕೆಲವರು ಒಳಗಿದ್ದು, ಬೇಸತ್ತು, ಹೊರಗೆ ಬಂದು ಟೀಕಿಸಿದವರು. ಪೂಜಾರಿ ಹೊರಗೆ ಬಂದದ್ದುಂಟು, ಭಕ್ತ ಬಂದದ್ದುಂಟು. ಆದರೆ ಗರ್ಭಗುಡಿಯಲ್ಲಿ ಕೂರಿಸಿದ್ದ ಮೂರ್ತಿಯೇ ಎದ್ದು, ‘ನನಗೆ ಈ ಕೆಲಸ ಬೇಡ, ನೀವೂ ಮನೆಗೆ ಹೋಗಿ’ ಅಂತ ಹೇಳಿ ಹೊರಟದ್ದು? ನನಗೆ ಗೊತ್ತಿರುವ ಉದಾಹರಣೆ ಒಂದೇ. ಜಿಡ್ಡು ಕೃಷ್ಣಮೂರ್ತಿ. ಹೆಸರಿನಲ್ಲೇ ಮೂರ್ತಿ ಇದೆ, ನೋಡಿ.

ಅವರನ್ನು ತತ್ವಜ್ಞಾನಿ ಅಂತ ಕರೆಯುತ್ತೇವೆ. ಬೇರೆ ಪದ ಸಿಗದೆ ಹಾಗೆ ಕರೆಯುತ್ತೇವೆ ಅಷ್ಟೇ. ಗುರು ಅನ್ನಿಸಿಕೊಳ್ಳಲು ಅವರು ಕೊನೆಯವರೆಗೂ ಒಪ್ಪಲಿಲ್ಲ. ಜೀವನಚರಿತ್ರೆ ಹೇಳಲು ನಾನಿಲ್ಲಿ ಬಂದಿಲ್ಲ. ಆದರೆ ಇವರ ಮಟ್ಟಿಗೆ ಕಥೆ ಬಿಟ್ಟು ವಿಚಾರ ಮಾತ್ರ ಹೇಳಿದರೆ ಅರ್ಧ ಕಳೆದುಹೋಗುತ್ತದೆ. ಆದ್ದರಿಂದ ಕಥೆಯನ್ನೇ ಸ್ವಲ್ಪ ಬೇಗಬೇಗ ಹೇಳಿಬಿಡುತ್ತೇನೆ.

ಹುಟ್ಟಿದ್ದು 1895ರಲ್ಲಿ, ಮದನಪಲ್ಲಿಯಲ್ಲಿ. ನಮ್ಮ ಕೋಲಾರದ ಕಡೆಯವರಿಗೆ ಅದು ಪಕ್ಕದೂರಿದ್ದ ಹಾಗೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಎಂಟನೇ ಮಗು, ಅದಕ್ಕೇ ಕೃಷ್ಣ ಅಂತ ಹೆಸರು. ಹತ್ತು ವರ್ಷಕ್ಕೆ ತಾಯಿ ತೀರಿಕೊಂಡರು. ತಂದೆ ಕಂದಾಯ ಇಲಾಖೆಯಲ್ಲಿದ್ದವರು. ನಿವೃತ್ತಿಯಾದ ಮೇಲೆ, 1909ರ ಶುರುವಿನಲ್ಲಿ, ಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನ ಅಡ್ಯಾರಿಗೆ ಬಂದರು. ಅಲ್ಲಿ ಥಿಯಾಸಫಿಕಲ್ ಸೊಸೈಟಿಯಲ್ಲಿ, ಅಂದರೆ ಎಲ್ಲ ಧರ್ಮಗಳ ಒಳತಿರುಳು ಒಂದೇ ಅಂತ ನಂಬಿದವರ ಸಂಘದಲ್ಲಿ, ಒಂದು ಕೆಲಸ ಸಿಕ್ಕಿತ್ತು.

ಥಿಯಾಸಫಿಯವರಲ್ಲಿ ಆಗ ಒಂದು ನಿರೀಕ್ಷೆ ಇತ್ತು. ಲೋಕಗುರು ಮತ್ತೆ ಬರುತ್ತಾನೆ, ಅವನು ಇಳಿದು ಬರಲು ಒಂದು ದೇಹ ಬೇಕು, ಆ ದೇಹವನ್ನು ನಾವು ಹುಡುಕಿ ಸಿದ್ಧ ಮಾಡಬೇಕು. ಲೆಡ್‌ಬೀಟರ್ ಎಂಬ ಇಂಗ್ಲಿಷ್ ಮುಖಂಡರು, ಮೊದಲು ಚರ್ಚಿನಲ್ಲಿ ಪಾದ್ರಿಯಾಗಿದ್ದವರು, ಅಡ್ಯಾರಿನ ದಂಡೆಯಲ್ಲಿ ಈ ಹುಡುಗನನ್ನು ಕಂಡರು. ಇವನ ಪ್ರಭೆಯಲ್ಲಿ ಸ್ವಾರ್ಥದ ಎಳೆಯೇ ಇಲ್ಲ, ಇವನೇ ಅವನು ಅಂದರು. ಆಗ ಹುಡುಗನಿಗೆ ಹದಿನಾಲ್ಕರ ಆಸುಪಾಸು. ಸಣಕಲು ದೇಹ, ಕನಸುಗಣ್ಣು. ಶಾಲೆಯಲ್ಲಿ ದಡ್ಡ ಅಂತ ಮೇಷ್ಟ್ರ ಕೈಯಲ್ಲಿ ಹೊಡೆತ ತಿನ್ನುತ್ತಿದ್ದವನು. ಬೆಳಗ್ಗೆ ದಡ್ಡ, ಸಂಜೆಗೆ ಲೋಕಗುರು. ಯೋಚನೆ ಮಾಡಿ.

ಮುಂದೆ ಎಲ್ಲ ಬಹಳ ಬೇಗ ನಡೆಯಿತು. ಸೊಸೈಟಿಯ ಅಧ್ಯಕ್ಷೆ ಆ್ಯನಿ ಬೆಸೆಂಟ್ ಕೃಷ್ಣಮೂರ್ತಿಯನ್ನೂ ಅವನ ತಮ್ಮ ನಿತ್ಯಾನಂದನನ್ನೂ ತಮ್ಮ ಪೋಷಣೆಗೆ ತೆಗೆದುಕೊಂಡರು. 1911ರಲ್ಲಿ ‘ಆರ್ಡರ್ ಆಫ್ ದ ಸ್ಟಾರ್ ಇನ್ ದ ಈಸ್ಟ್’ ಅಂತ ಸಂಸ್ಥೆಯೇ ಹುಟ್ಟಿತು. ಪೂರ್ವದ ತಾರೆಯ ಸಂಘ. ಅದಕ್ಕೆ ಈ ಹುಡುಗನೇ ಮುಖ್ಯಸ್ಥ. ಎಲ್ಲರೂ ಒಪ್ಪಲಿಲ್ಲ ಅನ್ನುವುದನ್ನೂ ಹೇಳಬೇಕು. ಜರ್ಮನಿಯಲ್ಲಿ ಸೊಸೈಟಿಯ ಮುಂದಾಳಾಗಿದ್ದ ರುಡಾಲ್ಫ್ ಸ್ಟೈನರ್ ಈ ವಿಷಯಕ್ಕೇ ಜಗಳವಾಗಿ ಬೇರೆಯಾದರು. ಬೇರೆಯಾಗಿ ಏನು ಮಾಡಿದರು? ಇನ್ನೊಂದು ಸೊಸೈಟಿ ಮಾಡಿದರು.

ಇಲ್ಲೊಂದು ಕೋರ್ಟ್ ಕೇಸಿನ ಮಾತು ಹೇಳಲೇಬೇಕು. ತಂದೆಗೆ ಅನುಮಾನ ಬಂತು. ಮಕ್ಕಳನ್ನು ವಾಪಸ್ ಕೊಡಿ ಅಂತ ಕೇಸು ಹಾಕಿದರು. 1913ರಲ್ಲಿ ಮದ್ರಾಸ್ ಹೈಕೋರ್ಟ್ ತಂದೆಯ ಪರ ತೀರ್ಪು ಕೊಟ್ಟಿತು. ಬೆಸೆಂಟ್ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದರು, ಆಗ ನಮ್ಮ ಕೇಸುಗಳಿಗೆ ಅದೇ ಕೊನೆಯ ಕೋರ್ಟು. 1914ರಲ್ಲಿ ಗೆದ್ದರು. ಪ್ರಿವಿ ಕೌನ್ಸಿಲ್ ಎತ್ತಿದ ಮಾತುಗಳಲ್ಲಿ ಒಂದು ಏನು ಗೊತ್ತಾ? ಇಷ್ಟೆಲ್ಲ ವಾದ ಆಯ್ತು, ಆ ಹುಡುಗರಿಗೆ ಏನು ಬೇಕು ಅಂತ ಯಾರೂ ಕೇಳಿಲ್ಲವಲ್ಲ ಅಂತ. ನನಗೆ ಇಡೀ ಕಥೆಯಲ್ಲಿ ಈ ಜಾಗ ಬಹಳ ಮುಖ್ಯ ಅನ್ನಿಸುತ್ತದೆ. ತಂದೆಗೆ ಮಗ ಬೇಕಿತ್ತು, ಸೊಸೈಟಿಗೆ ದೇವರು ಬೇಕಿತ್ತು. ಹುಡುಗನನ್ನು ಕೇಳುವುದು ಎರಡೂ ಕಡೆಯವರಿಗೆ ಹೊಳೆಯಲೇ ಇಲ್ಲ.

ಇಂಗ್ಲೆಂಡಿನಲ್ಲಿ ಓದಿಸಿದರು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸು. ಲೋಕಗುರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಭಕ್ತರಿಗೆ ಅದೇನೂ ಅಡ್ಡಿಯಾಗಲಿಲ್ಲ ಬಿಡಿ.

ಕಥೆ ತಿರುಗುವುದು 1925ರಲ್ಲಿ. ಆ ವರ್ಷ ಸಂಘದೊಳಗೆ ಉತ್ಸಾಹ ತಲೆಗೇರಿತ್ತು. ಏಸುವಿಗೆ ಹನ್ನೆರಡು ಶಿಷ್ಯರಿದ್ದರು, ಇವರಿಗೂ ಹನ್ನೆರಡು ಮಂದಿ ಅಂತ ಘೋಷಣೆಯಾಯಿತು. ಆಗ ಕೃಷ್ಣಮೂರ್ತಿ ಅಲ್ಲಿ ಇರಲೇ ಇಲ್ಲ. ಥಿಯಾಸಫಿಯವರು ನಂಬಿದ್ದ ಕಾಣದ ಗುರುಗಳು ಹೀಗಂದರು, ಹಾಗಂದರು ಅಂತ ಸಂದೇಶಗಳ ಮೇಲೆ ಸಂದೇಶ. ಇತ್ತ ತಮ್ಮ ನಿತ್ಯಾನಂದನಿಗೆ ಕ್ಷಯ. ಕ್ಯಾಲಿಫೋರ್ನಿಯಾದ ಓಹಾಯ್ ಎಂಬಲ್ಲಿ ಮಲಗಿದ್ದಾನೆ. ಅವನು ಉಳಿಯುತ್ತಾನೆ, ಮುಂದಿನ ಕೆಲಸಕ್ಕೆ ಅವನು ಬೇಕು ಅಂತ ಗುರುಗಳು ಅಭಯ ಕೊಟ್ಟಿದ್ದಾರೆ ಎಂದು ಕೃಷ್ಣಮೂರ್ತಿ ಪೂರ್ತಿ ನಂಬಿದ್ದರು. ಸೊಸೈಟಿಯ ಐವತ್ತನೇ ವರ್ಷದ ಸಮಾರಂಭಕ್ಕೆ ಅಡ್ಯಾರಿಗೆ ಹಡಗಿನಲ್ಲಿ ಹೊರಟರು. ಸೂಯೆಜ್ ಹತ್ತಿರ ಬರುವಾಗ ಟೆಲಿಗ್ರಾಂ ಬಂತು. ತಮ್ಮ ಹೋಗಿಬಿಟ್ಟಿದ್ದ.

ಒಂದು ಮಾತು ಗಮನಿಸಿ. ಅವರಿಗೆ ಆಗ ಯಾವ ಸಮಾಧಾನ ಬೇಕಿದ್ದರೂ ಸಿಗುತ್ತಿತ್ತು. ಥಿಯಾಸಫಿಯಲ್ಲಿ ಸಾವಿಗೆ ಬೇಕಾದಷ್ಟು ವಿವರಣೆ ಇದೆ. ಪುನರ್ಜನ್ಮ, ಸೂಕ್ಷ್ಮ ಶರೀರ, ಎಲ್ಲ ಇದೆ. ಸುತ್ತ ಇದ್ದವರೆಲ್ಲ ಅದನ್ನೇ ಹೇಳುವವರು. ಅವರು ದಿನಗಟ್ಟಲೆ ಅತ್ತರು. ಅತ್ತು ಮುಗಿದ ಮೇಲೆ ಆ ವಿವರಣೆಗಳ ಹತ್ತಿರ ಮತ್ತೆ ಅವರು ಹಳೆಯ ಹಾಗೆ ಹೋಗಲಿಲ್ಲ. ತೀರಾ ಬೇಕಾದ ಹೊತ್ತಿನಲ್ಲಿ ಕೈಕೊಟ್ಟ ಆಸರೆ ಅದು. ಮುಂದೆ ಅರವತ್ತು ವರ್ಷ ಅವರು ನಂಬಿಕೆ, ಭಯ, ಸಮಾಧಾನ ಅಂತ ಮಾತಾಡಿದ್ದನ್ನು ಓದುವಾಗೆಲ್ಲ ನನಗೆ ಆ ಹಡಗಿನ ಕೋಣೆ ನೆನಪಾಗುತ್ತದೆ. ಇದು ನನ್ನ ಊಹೆ, ಒಪ್ಪಬೇಕೆಂದೇನಿಲ್ಲ.

1929, ಆಗಸ್ಟ್ 3. ಹಾಲೆಂಡಿನ ಓಮೆನ್. ಸಂಘದ ಬೇಸಿಗೆ ಶಿಬಿರ. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು, ಎದುರಿಗೆ ಬೆಸೆಂಟ್. ಮಾತು ರೇಡಿಯೋದಲ್ಲೂ ಪ್ರಸಾರವಾಗುತ್ತಿತ್ತು. ಕೃಷ್ಣಮೂರ್ತಿಗೆ 34 ವರ್ಷ. ಎದ್ದು ನಿಂತು ಮೊದಲು ಒಂದು ಕಥೆ ಹೇಳಿದರು. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ.

ಸೈತಾನನೂ ಅವನ ಸ್ನೇಹಿತನೂ ಬೀದಿಯಲ್ಲಿ ನಡೆದು ಹೋಗುತ್ತಿದ್ದರಂತೆ. ಮುಂದೆ ಒಬ್ಬ ಮನುಷ್ಯ ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಂಡ, ನೋಡಿದ, ಜೇಬಿಗೆ ಹಾಕಿಕೊಂಡ. ‘ಅವನಿಗೆ ಏನು ಸಿಕ್ಕಿತು?’ ಅಂತ ಸ್ನೇಹಿತ ಕೇಳಿದ. ‘ಸತ್ಯದ ಒಂದು ತುಂಡು’ ಅಂದ ಸೈತಾನ. ‘ಅಯ್ಯೋ, ಹಾಗಾದರೆ ನಿನ್ನ ವ್ಯಾಪಾರಕ್ಕೆ ಪೆಟ್ಟು.’ ‘ಏನೂ ಇಲ್ಲ. ಅದನ್ನಿಟ್ಟುಕೊಂಡು ಒಂದು ಸಂಸ್ಥೆ ಕಟ್ಟಲು ಬಿಡುತ್ತೇನೆ.’

ಆಮೇಲೆ ಬಂದದ್ದು ಅವರ ಬಹಳ ಪ್ರಸಿದ್ಧವಾದ ಮಾತು. ಸತ್ಯ ಎಂಬುದು ದಾರಿಯಿಲ್ಲದ ನಾಡು. ಯಾವ ಧರ್ಮದಿಂದಲೂ, ಯಾವ ಪಂಗಡದಿಂದಲೂ ಅಲ್ಲಿಗೆ ಹೋಗಲು ಆಗುವುದಿಲ್ಲ. ಬೆಟ್ಟದ ತುದಿಯನ್ನು ಕಣಿವೆಗೆ ಇಳಿಸಿ ತರಲಾಗದು, ಹತ್ತುವವರು ಹತ್ತಬೇಕು. ನನಗೆ ಹಿಂಬಾಲಕರು ಬೇಡ. ಇಷ್ಟು ಹೇಳಿ ಸಂಘವನ್ನು ವಿಸರ್ಜಿಸಿದರು. ಸಂಘಕ್ಕೆಂದು ಬಂದಿದ್ದ ಕೋಟೆಮನೆ, ಜಮೀನು ಕೊಟ್ಟವರಿಗೆ ವಾಪಸಾಯಿತು.

ಆ ಭಾಷಣದಲ್ಲಿ ಎರಡು ಸಣ್ಣ ಮಾತುಗಳಿವೆ, ಅವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಒಂದು, ಪತ್ರಿಕೆಯವರು ಬಂದರೆ ಮೊದಲು ಕೇಳುವುದು ‘ನಿಮ್ಮ ಸಂಘದಲ್ಲಿ ಎಷ್ಟು ಸದಸ್ಯರಿದ್ದಾರೆ?’ ಅಂತ. ನನಗೆ ಗೊತ್ತಿಲ್ಲ, ಒಬ್ಬನೇ ಒಬ್ಬ ಬಿಡುಗಡೆಯಾಗಿದ್ದರೂ ಸಾಕು ಅನ್ನುತ್ತಾರೆ. ಇನ್ನೊಂದು ಟೈಪ್‌ರೈಟರ್ ಮಾತು. ಕಾಗದ ಬರೆಯಲು ಟೈಪ್‌ರೈಟರ್ ಬಳಸುತ್ತೀರಿ. ಅದನ್ನು ಪೀಠದ ಮೇಲಿಟ್ಟು ಪೂಜೆ ಮಾಡುವುದಿಲ್ಲವಲ್ಲ? ಸಂಸ್ಥೆಯೂ ಅಷ್ಟೇ ಅನ್ನುತ್ತಾರೆ. (ನಾವು ಆಯುಧಪೂಜೆಯ ದಿನ ಟೈಪ್‌ರೈಟರಿಗೂ ಕುಂಕುಮ ಹಚ್ಚುವ ಜನ. ಈ ಉದಾಹರಣೆ ಹಾಲೆಂಡಿನಲ್ಲಿ ನಡೆದಷ್ಟು ಇಲ್ಲಿ ನಡೆಯುವುದಿಲ್ಲ.) ಆದರೂ ಮಾತು ಮುಖ್ಯ. ಯಾಕೆಂದರೆ ಅವರು ಸಂಸ್ಥೆಯೇ ಬೇಡ ಅನ್ನಲಿಲ್ಲ. ಅಂಚೆ ಕಚೇರಿ ಬೇಕು, ರೈಲು ಬೇಕು, ಶಾಲೆ ಬೇಕು. ನನ್ನೊಳಗಿನ ಗೊಂದಲವನ್ನು ಒಂದು ಸಂಸ್ಥೆ ಬಗೆಹರಿಸಿಕೊಡುತ್ತದೆ ಅಂದುಕೊಂಡಾಗ ಮಾತ್ರ ಅದು ಊರುಗೋಲಾಗುತ್ತದೆ. ಊರುಗೋಲಿನ ಗುಣ ಗೊತ್ತಲ್ಲ, ಅದನ್ನೇ ನೆಚ್ಚಿಕೊಂಡರೆ ಕಾಲಿನ ಬಲ ಕಡಿಮೆಯಾಗುತ್ತಾ ಹೋಗುತ್ತದೆ.

ಈಗ ವಿಚಾರಕ್ಕೆ ಬರೋಣ. ಅದಕ್ಕೆ ಮುಂಚೆ ನಮ್ಮ ಭಾಷೆಯ ಬಗ್ಗೆ ಒಂದು ಅಡ್ಡಮಾತು.

ಕನ್ನಡದಲ್ಲಿ ‘ಮತ’ ಅನ್ನುವ ಪದ ನೋಡಿ. ಮತ ಅಂದರೆ ಅಭಿಪ್ರಾಯ. ಮತ ಅಂದರೆ ವೋಟು. ಮತ ಅಂದರೆ ಧರ್ಮ. ಮೂರಕ್ಕೂ ಒಂದೇ ಪದ. ಒಮ್ಮತ, ಬಹುಮತ, ಮತಗಟ್ಟೆ, ಮತಾಂತರ, ಎಲ್ಲ ಒಂದೇ ಬೇರು. ಯಾರಿಗೋ ಏನೋ ಅನ್ನಿಸಿತು, ಅದು ಅವನ ಮತ. ನಾಲ್ಕು ಜನ ಹೌದು ಅಂದರು, ಬಹುಮತ. ಅವರ ಮಕ್ಕಳು ಅದರಲ್ಲೇ ಹುಟ್ಟಿದರು, ಈಗ ಅದು ಹುಟ್ಟಿನಿಂದ ಬಂದ ಮತ. ಬಿಟ್ಟು ಹೋದರೆ ಮತಾಂತರ. ಒಬ್ಬನಿಗೆ ಅನ್ನಿಸಿದ್ದು ಹೀಗೆ ಇನ್ನೊಬ್ಬನ ಜಾತಿ ಸರ್ಟಿಫಿಕೇಟಿನ ತನಕ ಬಂತು. ‘ಪಂಥ’ವೂ ಹಾಗೇ. ಅದರ ಮೂಲ ಅರ್ಥ ದಾರಿ. ದಾರಿಯಿಲ್ಲದ ನಾಡು ಅಂದ ಮನುಷ್ಯನಿಗೆ ಪಂಥ ಹೇಗೆ ಇರಲು ಸಾಧ್ಯ, ಹೇಳಿ. ನಮ್ಮ ವಚನಕಾರರು ಸ್ಥಾವರ, ಜಂಗಮ ಅಂತ ಎರಡು ಪದ ಇಟ್ಟರು. ನಿಂತದ್ದು, ಚಲಿಸುವುದು. ಆ ಜಂಗಮಕ್ಕೂ ನಾವು ಕಲ್ಲಿನ ಕಟ್ಟಡ ಕಟ್ಟಿಕೊಟ್ಟೆವು. ಅದು ಇನ್ನೊಂದು ಸಂಜೆಯ ಮಾತು.

ಸಾಮಾನ್ಯವಾಗಿ ಧರ್ಮದ ಟೀಕೆ ಅಂದರೆ ಪುರೋಹಿತರು ಮೋಸ ಮಾಡುತ್ತಾರೆ, ಮಠಗಳಲ್ಲಿ ದುಡ್ಡು ಜಾಸ್ತಿ, ಮೂಢನಂಬಿಕೆ ಅಂತ ಶುರುವಾಗುತ್ತದೆ. ಕೃಷ್ಣಮೂರ್ತಿ ಇದನ್ನೆಲ್ಲ ಹೇಳಿದ್ದಾರೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಪುರೋಹಿತ ಒಳ್ಳೆಯವನೇ ಇರಲಿ, ಮಠದಲ್ಲಿ ಲೆಕ್ಕ ಸರಿಯಾಗಿಯೇ ಇರಲಿ, ಆಗಲೂ ಅವರ ಪ್ರಶ್ನೆ ಉಳಿಯುತ್ತದೆ. ನಿನಗೆ ಅವನು ಯಾಕೆ ಬೇಕು?

ಬೇಕು, ಯಾಕೆಂದರೆ ಭಯ. ನಾಳೆ ಏನು ಅನ್ನುವ ಭಯ, ಸಾವಿನ ಭಯ, ತಪ್ಪು ಮಾಡಿಬಿಟ್ಟೇನು ಅನ್ನುವ ಭಯ. ಯಾರಾದರೂ ‘ಹೀಗೆ ಮಾಡು, ಸರಿಹೋಗುತ್ತದೆ’ ಅಂದರೆ ಎದೆ ಹಗುರ. ಗುರುವನ್ನು ಗುರುವಾಗಿ ಮಾಡುವವನು ಶಿಷ್ಯ ಅನ್ನುವುದು ಅವರ ವಾದ. ಅಂಗಡಿಯವನನ್ನು ಬೈಯುವ ಮೊದಲು ಗಿರಾಕಿಯನ್ನು ನೋಡು ಅಂದ ಹಾಗೆ. ಮತ್ತೆ ಆ ಗಿರಾಕಿ ನಾನೇ.

ಅವರು ಕೊಡುತ್ತಿದ್ದ ಒಂದು ಉದಾಹರಣೆ ನನಗೆ ಬಹಳ ಇಷ್ಟ. ತೋಟದಿಂದ ಒಂದು ಕಡ್ಡಿ ತನ್ನಿ. ಯಾವುದೋ ಒಣಗಿದ ಕೋಲಿನ ತುಂಡು. ಮನೆಯಲ್ಲಿ ಎತ್ತರದ ಜಾಗದಲ್ಲಿಡಿ. ದಿನಾ ಬೆಳಗ್ಗೆ ಅದರ ಮುಂದೆ ಒಂದು ಹೂವಿಡಿ. ಏನಾದರೂ ನಾಲ್ಕು ಮಾತು ಹೇಳಿ, ಅರ್ಥ ಇಲ್ಲದಿದ್ದರೂ ಪರವಾಗಿಲ್ಲ. ಒಂದು ತಿಂಗಳು ಮಾಡಿ ನೋಡಿ. ಆ ಕಡ್ಡಿ ಪವಿತ್ರವಾಗಿರುತ್ತದೆ. ಒಂದು ದಿನ ಹೂವಿಡಲು ಮರೆತರೆ ಪಾಪ ಅನ್ನಿಸಲು ಶುರುವಾಗುತ್ತದೆ.

ನಗುತ್ತೀರಿ. ನಾನೂ ಮೊದಲ ಸಲ ಓದಿದಾಗ ನಕ್ಕಿದ್ದೆ. ಮಾಡಿ ನೋಡಿದವನೇನೂ ಅಲ್ಲ. ಆದರೆ ಈ ಕಡ್ಡಿಯ ಕಥೆಯಲ್ಲಿ ಪೂಜಾರಿ ಇಲ್ಲ, ಮಠ ಇಲ್ಲ, ಹುಂಡಿ ಇಲ್ಲ, ಮೋಸ ಮಾಡುವವರು ಯಾರೂ ಇಲ್ಲ. ಒಬ್ಬ ಮನುಷ್ಯ, ಒಂದು ಕಡ್ಡಿ, ಮೂವತ್ತು ದಿನ. ಇಷ್ಟರಲ್ಲೇ ದೇವರೂ ಆಯಿತು, ಪಾಪವೂ ಆಯಿತು. ಸಂಘಟಿತ ಧರ್ಮ ಎಂಬುದು ಎಲ್ಲೋ ದೊಡ್ಡ ಕಟ್ಟಡದಲ್ಲಿ ಇದೆ ಅಂದುಕೊಳ್ಳುತ್ತೇವೆ. ಅದರ ಬೀಜ ಈ ಮೂವತ್ತು ದಿನದ ಅಭ್ಯಾಸದಲ್ಲಿದೆ. ಕಟ್ಟಡ ಆಮೇಲೆ ಬರುತ್ತದೆ.

ಹಾಗಾದರೆ ಅವರು ನಾಸ್ತಿಕರಾ? ಈ ಪ್ರಶ್ನೆ ಯಾವಾಗಲೂ ಬರುತ್ತದೆ. ದೇವರಿದ್ದಾನೆ ಅನ್ನುವುದು ಒಂದು ನಂಬಿಕೆ, ಇಲ್ಲ ಅನ್ನುವುದು ಇನ್ನೊಂದು ನಂಬಿಕೆ, ಎರಡನ್ನೂ ನಿಮಗೆ ಯಾರೋ ಹೇಳಿಕೊಟ್ಟದ್ದು ಅನ್ನುತ್ತಾರೆ. ‘ಧಾರ್ಮಿಕ ಮನಸ್ಸು’ ಅನ್ನುವ ಮಾತನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಧರ್ಮಗಳನ್ನು ಇಷ್ಟು ಟೀಕಿಸಿದ ಮನುಷ್ಯ, ಪವಿತ್ರ ಅನ್ನುವ ಪದವನ್ನು ಸಂಕೋಚವಿಲ್ಲದೆ ಬಳಸುತ್ತಿದ್ದರು. ಮರದ ಬಗ್ಗೆ, ನದಿಯ ಬಗ್ಗೆ, ಸುಮ್ಮನಾದ ಮನಸ್ಸಿನ ಬಗ್ಗೆ. ವಿಚಾರವಾದಿಗಳಿಗೆ ಅವರು ಪೂರ್ತಿ ದಕ್ಕದಿರುವುದು ಇಲ್ಲೇ.

ಈ ಜಾಗದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಇವತ್ತು ತುಂಬ ಜನ ಹೇಳುವುದನ್ನು ಕೇಳುತ್ತೇವೆ, ಅದರಲ್ಲೂ ಯುವಕರು: ‘ನನಗೆ ಧರ್ಮ ಗಿರ್ಮ ಬೇಡ, ಅಧ್ಯಾತ್ಮ ಸಾಕು.’ ಬೆಳಗ್ಗೆ ಮೊಬೈಲಿನಲ್ಲಿ ಹತ್ತು ನಿಮಿಷ ಧ್ಯಾನ. ಸ್ವಲ್ಪ ಝೆನ್, ಸ್ವಲ್ಪ ಸೂಫಿ, ಯೋಗದ ಶಿಬಿರ ಒಂದು, ನಡುವೆ ಒಂದು ಗುರುಪೂರ್ಣಿಮೆ. ಯಾರ ಒತ್ತಾಯವೂ ಇಲ್ಲ, ಎಲ್ಲ ನನ್ನ ಆಯ್ಕೆ. ಇದೇ ಅಲ್ವಾ ಆಧ್ಯಾತ್ಮಿಕ ಸ್ವಾತಂತ್ರ್ಯ?

ಕೃಷ್ಣಮೂರ್ತಿಯನ್ನು ಹೀಗೆ ಓದುವವರು ಬಹಳ. ಆದರೆ ಅವರು ಇದನ್ನು ಒಪ್ಪುತ್ತಿರಲಿಲ್ಲ. ಆಯ್ಕೆ ಅನ್ನುವುದೇ ಗೊಂದಲದ ಗುರುತು ಅನ್ನುತ್ತಿದ್ದರು. ಸ್ಪಷ್ಟವಾಗಿ ಕಂಡವನು ಆರಿಸುತ್ತಾ ಕೂರುವುದಿಲ್ಲ. ಎದುರಿಗೆ ಹಾವು ಕಂಡರೆ ಆಯ್ಕೆ ಎಲ್ಲಿ ಬಂತು? ನೆಗೆಯುತ್ತೀರಿ, ಅಷ್ಟೇ. ಅಂಗಡಿಯಲ್ಲಿ ನಿಂತು ಈ ಮಾರ್ಗವೋ ಆ ಮಾರ್ಗವೋ ಅಂತ ಆರಿಸುವವನು ಯಾರು? ಅವನನ್ನು ಯಾರಾದರೂ ನೋಡಿದ್ದೀರಾ? ಅವನ ಇಷ್ಟಾನಿಷ್ಟಗಳು ಬಂದದ್ದೆಲ್ಲಿಂದ? ಹುಟ್ಟಿದ ಮನೆಯಿಂದ, ಓದಿದ ಶಾಲೆಯಿಂದ, ನೋಡಿದ ಸಿನಿಮಾದಿಂದ. ಹಳೆಯ ಧರ್ಮ ನನಗೆ ಒಂದು ಪಂಜರ ಕೊಟ್ಟಿತ್ತು. ಈಗ ನಾನೇ ತಂತಿ ತಂದು ನನ್ನ ಅಳತೆಗೆ ಹೆಣೆದುಕೊಳ್ಳುತ್ತಿದ್ದೇನೆ. ಓಮೆನ್ನಿನಲ್ಲಿ ಅವರು ಹೇಳಿದ್ದೂ ಅದನ್ನೇ: ಹೊಸ ಪಂಜರ ಮಾಡುವುದಾಗಲಿ, ಪಂಜರಕ್ಕೆ ಹೊಸ ಅಲಂಕಾರ ಮಾಡುವುದಾಗಲಿ ನನ್ನ ಕೆಲಸವಲ್ಲ.

ಸ್ವಾತಂತ್ರ್ಯ ಅಂದರೆ ಮತ್ತೇನು? ಮನೆಯದೇ ಒಂದು ವಿಷಯ ಹೇಳುತ್ತೇನೆ. ನನಗೆ ಕೋಪ ಜಾಸ್ತಿ. ಮಗ ರಾತ್ರಿ ಹೇಳಿದ ಹೊತ್ತಿಗೆ ಬರುವುದಿಲ್ಲ, ಫೋನ್ ಎತ್ತುವುದಿಲ್ಲ. ಹನ್ನೊಂದಕ್ಕೆ ಗೇಟಿನ ಸದ್ದಾಗುತ್ತದೆ. ಅಷ್ಟರಲ್ಲಿ ನಾನು ಒಳಗೆ ಕುದಿದು ಅರ್ಧ ಆಗಿರುತ್ತೇನೆ. ಕೂಗಾಡುತ್ತೇನೆ. ಮಲಗುವಾಗ ಪಶ್ಚಾತ್ತಾಪ. ‘ಇನ್ನು ಮೇಲೆ ಶಾಂತವಾಗಿರಬೇಕು’ ಅಂತ ನಿಶ್ಚಯ. ಹೀಗೆ ಎಷ್ಟು ವರ್ಷ? ಕೃಷ್ಣಮೂರ್ತಿ ಹೇಳುವ ಪ್ರಕಾರ ಆ ನಿಶ್ಚಯವೇ ತೊಂದರೆ. ಶಾಂತಿ ಅನ್ನುವ ಆದರ್ಶವನ್ನು ನಾಳೆಯಲ್ಲಿ ಇಟ್ಟೆ. ನಾಳೆ ಶಾಂತನಾಗುತ್ತೇನಲ್ಲ, ಆದ್ದರಿಂದ ಇವತ್ತು ಕೋಪಕ್ಕೆ ರಜೆ ಇಲ್ಲ. ಹಿಂಸೆಯ ಮನುಷ್ಯ ಅಹಿಂಸೆಯನ್ನು ಅಭ್ಯಾಸ ಮಾಡುವುದು ಹೀಗೇ, ಅಭ್ಯಾಸ ನಡೆದಿರುತ್ತದೆ, ಹಿಂಸೆಯೂ ನಡೆದಿರುತ್ತದೆ. ಧರ್ಮಗಳು ಸಾವಿರಾರು ವರ್ಷದಿಂದ ಈ ನಾಳೆಯನ್ನೇ ಕೊಡುತ್ತಾ ಬಂದಿವೆ. ಮುಂದಿನ ಜನ್ಮ, ಮೋಕ್ಷ, ಸ್ವರ್ಗ, ಎಲ್ಲ ನಾಳೆಯ ದೊಡ್ಡ ರೂಪ.

ಅದರ ಬದಲು, ಗೇಟು ಸದ್ದಾದ ಕ್ಷಣದಲ್ಲಿ ಮೈಯಲ್ಲಿ ಏನಾಗುತ್ತದೆ ಅಂತ ನೋಡು ಅನ್ನುತ್ತಾರೆ. ತಡೆಯಬೇಡ, ಸಮರ್ಥಿಸಬೇಡ, ಕೋಪ ಅಂತ ಹೆಸರೂ ಇಡಬೇಡ. ಒಂದೆರಡು ಸಲ, ಸುಳ್ಳು ಹೇಳುವುದಿಲ್ಲ, ಒಂದೆರಡೇ ಸಲ ನನಗೆ ಕಂಡದ್ದು ಏನೆಂದರೆ ಅಲ್ಲಿ ಕೋಪ ಸ್ವಲ್ಪವೇ ಇತ್ತು. ಮಿಕ್ಕದ್ದೆಲ್ಲ ಹೆದರಿಕೆ. ಬೈಕಿನಲ್ಲಿ ಹೋದವನು ಇನ್ನೂ ಬರಲಿಲ್ಲವಲ್ಲ ಅನ್ನುವ ಹೆದರಿಕೆ. ಅವತ್ತು ಕೂಗಾಡಲಿಲ್ಲ. ಊಟ ಬಡಿಸಿದೆ. ಮಾರನೇ ವಾರ ಮತ್ತೆ ಕೂಗಾಡಿದೆ, ಅದು ಬೇರೆ.

ಇಷ್ಟು ಹೇಳಿದ ಮೇಲೆ ನನ್ನ ತಕರಾರುಗಳನ್ನೂ ಹೇಳಬೇಕು. ಇಲ್ಲದಿದ್ದರೆ ಇದು ಭಜನೆಯಾಗುತ್ತದೆ.

ಸಂಸ್ಥೆ ಮುರಿದವರ ಸುತ್ತ ಸಂಸ್ಥೆಗಳು ಬೆಳೆದವು. ಶಾಲೆಗಳು ಬಂದವು. ಮದನಪಲ್ಲಿಯ ಹತ್ತಿರ ರಿಷಿ ವ್ಯಾಲಿ, ವಾರಾಣಸಿಯಲ್ಲಿ ರಾಜಘಾಟ್, ನಮ್ಮ ಬೆಂಗಳೂರಿನಲ್ಲೂ ಒಂದಿದೆ. 1968ರಲ್ಲಿ ಇಂಗ್ಲೆಂಡಿನಲ್ಲಿ ಅವರ ಹೆಸರಿನ ಫೌಂಡೇಶನ್, ಆಮೇಲೆ ಅಮೆರಿಕದಲ್ಲಿ, ಭಾರತದಲ್ಲಿ. ಅದಕ್ಕೂ ಮುಂಚಿನ ಟ್ರಸ್ಟಿನವರ ಜೊತೆ ಮನಸ್ತಾಪವಾಗಿ, ಕೋರ್ಟಿಗೆ ಹೋಗಿ, 1974ರಲ್ಲಿ ರಾಜಿಯಾಯಿತು. ಹುಡುಗನಾಗಿದ್ದಾಗ ಒಂದು ಕೇಸು, ಎಪ್ಪತ್ತು ದಾಟಿದ ಮೇಲೆ ಇನ್ನೊಂದು. ಟೈಪ್‌ರೈಟರ್ ಮಾತು ನೆನಪಿಟ್ಟುಕೊಂಡರೆ ಇದರಲ್ಲಿ ವಿರೋಧಾಭಾಸ ಇಲ್ಲ ಅನ್ನಬಹುದು. ಪುಸ್ತಕ ಅಚ್ಚು ಮಾಡಲು, ಧ್ವನಿಮುದ್ರಣ ಕಾಪಾಡಲು ಒಂದು ವ್ಯವಸ್ಥೆ ಬೇಕು. ಸಾಯುವ ಮುಂಚೆ ತನ್ನ ಮಾತಿಗೆ ಯಾರೂ ಅಧಿಕೃತ ವ್ಯಾಖ್ಯಾನಕಾರರಲ್ಲ, ಉತ್ತರಾಧಿಕಾರಿ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದರು. 1986ರ ಫೆಬ್ರವರಿಯಲ್ಲಿ ಓಹಾಯ್‌ನಲ್ಲಿ ತೀರಿಕೊಂಡರು. ಸಮಾಧಿ ಕಟ್ಟಲಿಲ್ಲ. ಇದನ್ನೆಲ್ಲ ಒಪ್ಪುತ್ತೇನೆ.

ನನ್ನ ನಿಜವಾದ ತಕರಾರು ಬೇರೆ. ನಮ್ಮ ತಂದೆ ತೀರಿಕೊಂಡಾಗ ಹದಿಮೂರು ದಿನ ಎಲ್ಲ ಮಾಡಿದೆವು. ಮಂತ್ರದ ಅರ್ಥ ನನಗೆ ಗೊತ್ತಿರಲಿಲ್ಲ, ಹೇಳಿಸುತ್ತಿದ್ದವರಿಗೂ ಪೂರ್ತಿ ಗೊತ್ತಿತ್ತೋ ಇಲ್ಲವೋ. ಆದರೆ ಬೆಳಗ್ಗೆ ಐದಕ್ಕೆ ಯಾರೋ ಬಂದು ಒಲೆ ಹಚ್ಚಿರುತ್ತಿದ್ದರು. ಯಾರೋ ನಮ್ಮಮ್ಮನ ಪಕ್ಕ ಸುಮ್ನೆ ಕೂತಿರುತ್ತಿದ್ದರು. ಮುಂದೆ ಏನು ಮಾಡಬೇಕು ಅಂತ ಯೋಚಿಸುವ ಶಕ್ತಿ ನಮಗಿರಲಿಲ್ಲ, ಆ ಕ್ರಮಕ್ಕೆ ಗೊತ್ತಿತ್ತು. ಅದು ಊರುಗೋಲೇ. ಕಾಲು ಮುರಿದಾಗ ಊರುಗೋಲು ಬೇಡವೇ? ಕೃಷ್ಣಮೂರ್ತಿ ಒಬ್ಬನೇ ನಿಂತು ನೋಡಬಲ್ಲ ಮನುಷ್ಯನನ್ನು ಎದುರಿಗಿಟ್ಟುಕೊಂಡು ಮಾತಾಡುತ್ತಾರೆ. ಹದಿಮೂರು ದಿನದ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಇದಕ್ಕೆ ಅವರಲ್ಲಿ ಉತ್ತರ ಇದೆ ಅಂತ ನನಗನ್ನಿಸಿಲ್ಲ. ದುಃಖದಿಂದ ಓಡಬೇಡ, ಅದರ ಜೊತೆ ಇರು ಅನ್ನುತ್ತಾರೆ. ಸರಿ. ಆದರೆ ಜೊತೆಗಿರಲು ಒಲೆ ಹಚ್ಚುವವರು ಬೇಕಲ್ಲ?

ಕೊನೆಗೆ ಒಂದು ಪ್ರಸಂಗ. ಇದರಲ್ಲಿ ತಪ್ಪೆಲ್ಲ ನನ್ನದೇ, ಬೇರೆ ಯಾರದೂ ಅಲ್ಲ.

ನಾವು ಏಳೆಂಟು ಜನ ಭಾನುವಾರ ಬೆಳಗ್ಗೆ ಒಬ್ಬರ ಮನೆಯ ಮಹಡಿಯಲ್ಲಿ ಸೇರುತ್ತಿದ್ದೆವು. ಕೃಷ್ಣಮೂರ್ತಿಯವರ ಒಂದು ವಿಡಿಯೋ ನೋಡುವುದು, ಆಮೇಲೆ ಮಾತು, ಕಾಫಿ. ನಿಯಮ ಏನೂ ಬೇಡ ಅಂತಲೇ ಶುರು ಮಾಡಿದ್ದು. ಸ್ವಲ್ಪ ದಿನಕ್ಕೆ ಯಾರೋ ಹೇಳಿದರು, ವಿಡಿಯೋ ಮುಗಿದ ತಕ್ಷಣ ಮಾತು ಬೇಡ, ಎರಡು ನಿಮಿಷ ಸುಮ್ಮನಿರೋಣ. ಒಳ್ಳೆಯದೇ ಅನ್ನಿಸಿತು. ಆರು ತಿಂಗಳಾದ ಮೇಲೆ ಒಬ್ಬ ಹುಡುಗ ತಡವಾಗಿ ಬಂದು ಆ ಎರಡು ನಿಮಿಷದಲ್ಲಿ ಬಾಗಿಲು ಸದ್ದು ಮಾಡಿದ. ನಾವೆಲ್ಲ ಒಟ್ಟಿಗೆ ತಿರುಗಿ ನೋಡಿದ ರೀತಿ ಇದೆಯಲ್ಲ! ಆ ಹುಡುಗ ಮತ್ತೆ ಬರಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಫೋಟೋ ಬಂದಿತ್ತು. ಬಿಳಿ ಕೂದಲು, ಪಕ್ಕಕ್ಕೆ ತಿರುಗಿದ ಮುಖ, ನೋಡಿರುತ್ತೀರಿ. ಮೇ ತಿಂಗಳಲ್ಲಿ ಅವರ ಹುಟ್ಟಿದ ದಿನ ಬಂತು. ಮಹಡಿ ಹತ್ತಿ ಹೋದರೆ ಫೋಟೋಕ್ಕೆ ಮಲ್ಲಿಗೆ ಹಾರ. ಯಾರು ಹಾಕಿದ್ದು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಚೆನ್ನಾಗಿ ಕಾಣುತ್ತಿತ್ತು.

ಅದೇ ದಿನ ನಮ್ಮ ಗುಂಪಿನಲ್ಲಿದ್ದ ನಿವೃತ್ತ ಟೀಚರ್ ಒಬ್ಬರು ಮಾತಿನ ನಡುವೆ ಹೇಳಿದರು, ‘ನಾನು ದಿನಾ ಬೆಳಗ್ಗೆ ನೂರೆಂಟು ಸಲ ರಾಮನಾಮ ಹೇಳ್ತೀನಿ. ಮನಸ್ಸು ತಿಳಿಯಾಗುತ್ತೆ.’ ನಾನು ತಟ್ಟನೆ ಅಂದೆ, ‘ಜಪ ಮಾಡಿದರೆ ಮನಸ್ಸು ಮಂಕಾಗುತ್ತೆ ಅಂತ ಕೃಷ್ಣಮೂರ್ತಿ ಸ್ಪಷ್ಟವಾಗಿ ಹೇಳಿದ್ದಾರಲ್ಲ ಮೇಡಂ.’ ಅವರು ನನ್ನ ಮುಖ ನೋಡಿದರು. ಕೋಪದಿಂದಲ್ಲ, ಲೆಕ್ಕ ತಪ್ಪಿದ ಹುಡುಗನನ್ನು ನೋಡುವ ಹಾಗೆ. ‘ಅವರು ಹೇಳಿದ್ದು ನನಗೂ ಗೊತ್ತು. ನೀವು ಜಪ ಮಾಡಿ ನೋಡಿದ್ದೀರಾ?’

ಇಲ್ಲ ಅಂದೆ.

ಕಾಫಿ ಬಂತು, ಕುಡಿದೆವು. ಮುಂದಿನ ವಾರ ಯಾರೂ ಏನೂ ಹೇಳದೆ ಫೋಟೋ ಇಳಿಸಿದ್ದರು. ಎರಡು ನಿಮಿಷದ ಮೌನವೂ ನಿಂತಿತು. ಈಗಲೂ ಸೇರುತ್ತೇವೆ, ಮೊದಲಿಗಿಂತ ಗಲಾಟೆ ಜಾಸ್ತಿ. ಟೀಚರ್ ಬರುತ್ತಾರೆ. ಫೋಟೋ ಬೀರುವಿನ ಹಿಂದೆ, ಮುಖ ಗೋಡೆಯ ಕಡೆ ಮಾಡಿ, ಬಟ್ಟೆ ಸುತ್ತಿಕೊಂಡು ನಿಂತಿದೆ. ಮನೆಯವರು ಎರಡು ಸಲ ಕೇಳಿದರು, ಹಳೆ ಸಾಮಾನಿನ ಜೊತೆ ಹಾಕಿಬಿಡಲೇ ಅಂತ. ಹಾಕಿ ಅನ್ನಲು ನಮ್ಮಲ್ಲಿ ಒಬ್ಬರಿಗೂ ಬಾಯಿ ಬರುತ್ತಿಲ್ಲ.